ದೆವ್ವಕ್ಕೆ ಕುಂಕುಮ ಹಚ್ಚಿದ್ದು

ಮನೆಗೆ ಬಂದವರನ್ನು ಹೊರಗೆ ಕಳಿಸುವುದೂ ಒಂದು ವಿದ್ಯೆ. ನನಗದು ಬರುವುದಿಲ್ಲ. ನಮ್ಮ ಹಾವೇರಿಯ ಕಡೆ ಹೊರಟವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನಬೇಕು. ಕಳಿಸುವವರೂ ‘ಹೋಗ್ರಿ’ ಎನ್ನದೆ ‘ಹೋಗಿ ಬರ್ರಿ’ ಎನ್ನಬೇಕು. ಬರೀ ಹೋಗುವ ಮಾತು ಮಸಣದ ದಾರಿಯದು ಎಂದು ಬ್ಯಾಡಗಿಯ ತವರಿನಲ್ಲಿ ನಮ್ಮವ್ವ ಕಲಿಸಿದ್ದಳು. ಉಳಿದ ಪಾಠಗಳೆಲ್ಲ ಮರೆತರೂ ಇದೊಂದು ನಾಲಿಗೆಗೆ ಅಂಟಿಕೊಂಡಿದೆ. ಒಮ್ಮೆ ನೀರು ಶುದ್ಧ ಮಾಡುವ ಯಂತ್ರ ಮಾರುವ ಹುಡುಗನೊಬ್ಬ ಬಂದಿದ್ದ. ಬೇಡವೆಂದು ಖಡಾಖಂಡಿತವಾಗಿ ಹೇಳಿ, ಬಿಸಿಲಲ್ಲಿ ಬಂದಿದ್ದಾನೆಂದು ಮಜ್ಜಿಗೆ ಕೊಟ್ಟು, ಕೊನೆಗೆ ‘ಹೋಗಿ ಬಾರಪ್ಪಾ’ ಎಂದೆ. ಪಾಪ, ಮಾತಿಗೆ ಬೆಲೆ ಕೊಡುವ ಹುಡುಗ, ಮರುವಾರ ಬಂದ. ಆ ಯಂತ್ರ ಈಗ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ. ಇಂಥವಳ ಪಾಲಿಗೆ ದೆವ್ವ ಓಡಿಸುವ ಕೆಲಸ ಬಂತು.

ನನ್ನ ಮಗಳು ಸಹನಾ ಇಲ್ಲೇ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ತರಗತಿಯ ಮಕ್ಕಳು ಗುಂಪುಗುಂಪಾಗಿ ಒಂದೊಂದು ಕಿರುಚಿತ್ರ ಮಾಡಿ ಸಭಾಂಗಣದಲ್ಲಿ ಎಲ್ಲರೆದುರು ತೋರಿಸಬೇಕು. ಹೋದ ಸಲ ಇವಳ ಚಿತ್ರದಲ್ಲಿ ಅಳುವ ದೃಶ್ಯ ಬಂದಾಗ ರಾಣೇಬೆನ್ನೂರಿನಿಂದ ಬರುವ ಹುಡುಗರ ಗುಂಪು ಬೆಂಚು ಬಡಿದು ನಕ್ಕಿತ್ತಂತೆ. ಅವತ್ತು ಊಟ ಮಾಡದೆ ಮಲಗಿದ್ದಳು. ಈ ಸಲ ಹಟ ಹಿಡಿದು ದೆವ್ವದ ಕಥೆ ಆರಿಸಿಕೊಂಡಳು. ‘ಆ ಹುಡುಗ್ರು ಒಮ್ಮೆ ಚೀರಿದ್ರ ಸಾಕು ಮಮ್ಮಿ, ಮಾರ್ಕ್ಸ್ ಬರ್ಲಿ ಬಿಡ್ಲಿ’ ಎಂದಳು.

ದೆವ್ವದ ಚಿತ್ರಗಳಿಗೂ ನಮ್ಮ ಮಡಿ-ಮೈಲಿಗೆಯಷ್ಟೇ ಕಟ್ಟುನಿಟ್ಟಿನ ಪದ್ಧತಿಗಳಿವೆ ಎಂದು ನನಗೆ ಆಗ ತಿಳಿಯಿತು. ಹುಡುಗಿ ಮನೆಯಲ್ಲಿ ಒಬ್ಬಳೇ ಇರಬೇಕು, ಕರೆಂಟು ಹೋಗಬೇಕು, ಮುಚ್ಚಿದ ಬಾಗಿಲು ತಾನಾಗಿ ತೆರೆಯಬೇಕು. ಕಡೆಗೆ ಎಲ್ಲ ಮುಗಿಯಿತೆಂದು ನೋಡುವವರು ಉಸಿರು ಬಿಡುವಾಗ, ದೆವ್ವ ಇನ್ನೂ ಹೋಗಿಲ್ಲ ಎಂದು ಒಂದು ಸುಳಿವು ಕೊಡಬೇಕು. ಈ ಪದ್ಧತಿ ಮಾಡಿದವರು ಯಾರೂ ನಮ್ಮ ಓಣಿಯಲ್ಲಿ ಬಾಳುವೆ ಮಾಡಿದವರಲ್ಲ. ಇಲ್ಲಿ ಹಗಲು ಬಾಗಿಲು ತೆರೆದೇ ಇರುತ್ತದೆ, ಮುಚ್ಚಿದರೇ ಗಾಬರಿ. ಚಿತ್ರೀಕರಣಕ್ಕೆಂದು ಬಾಗಿಲು ಹಾಕಿದ ಕೂಡಲೇ ಎದುರುಮನೆಯ ನೀಲಮ್ಮ ಬಂದು ತಟ್ಟಿದರು. ‘ಯಾಕವಾ, ಯಾರಿಗರ ಆರಾಮಿಲ್ಲೇನು?’ ಇನ್ನು ಕರೆಂಟು ಹೋದರೆ ನಾವು ‘ಹೋತು’ ಎಂದು ಹೇಳಿ ಅವರೆಕಾಯಿ ಸುಲಿಯುವುದನ್ನು ಮುಂದುವರಿಸುವ ಜನ. ದೆವ್ವಕ್ಕೆ ಬಿಳಿ ಸೀರೆ ಬೇಕೆಂದಳು ಮಗಳು. ನನ್ನ ಕಪಾಟಿನಲ್ಲಿ ಬಿಳಿ ಸೀರೆ ಎಲ್ಲಿಂದ ಬರಬೇಕು? ಯಜಮಾನರ ಧೋತರವನ್ನೇ ಸೀರೆಯಂತೆ ಉಡಿಸಿದೆ. ಹೀಗಾಗಿ ನಮ್ಮ ದೆವ್ವಕ್ಕೆ ಕೆಂಪು ಅಂಚು ಬಂತು.

ರಕ್ತದ ಹೊಣೆಯೂ ನನ್ನದೇ. ಬ್ಯಾಡಗಿಯವಳ ಮನೆಗೆ ಕೆಂಪು ಬಣ್ಣವನ್ನು ಅಂಗಡಿಯಿಂದ ತಂದರೆ ತವರಿಗೆ ಅವಮಾನ. ನಮ್ಮ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಬೀಜ ತೆಗೆದು, ನೆನೆಸಿ ರುಬ್ಬಿ, ಸೋಸಿ, ಬೆಲ್ಲದ ಪಾಕದಲ್ಲಿ ಕುದಿಸಿದೆ. ದೆವ್ವವಾಗಿದ್ದವಳು ಅಗಡಿಯಿಂದ ದಿನಾ ಬಸ್ಸಿಗೆ ಬರುವ ಸಹನಾಳ ಗೆಳತಿ ಭಾಗ್ಯಾ. ಕೆನ್ನೆಗೆ ಹಚ್ಚಿದರೆ ಚೂರೂ ಉರಿಯಲಿಲ್ಲ. ಇರುವೆ ಬರುತ್ತವೆ ಎಂಬುದೊಂದು ಮಾತ್ರ ನನಗೆ ಹೊಳೆದಿರಲಿಲ್ಲ. ‘ರಕ್ತ ಭಾಳ ರುಚಿ ಆಗೇತ್ರಿ ಕಾಕು’ ಎಂದು ತುಟಿ ನೆಕ್ಕುತ್ತ, ಕುತ್ತಿಗೆ ತುರಿಸಿಕೊಳ್ಳುತ್ತ ದೆವ್ವ ನಿಂತಿತ್ತು.

ಕಡೆಯ ದೃಶ್ಯದಲ್ಲಿ ನಾನು ಮನೆಯ ತಾಯಿ. ದೆವ್ವವನ್ನು ಹೊಸ್ತಿಲ ಆಚೆ ದಬ್ಬಿ, ‘ಹೋಗು, ಇನ್ನ ಈ ಮನೀಗೆ ಕಾಲ ಇಡಬ್ಯಾಡ’ ಎಂದು ಗದರಬೇಕು. ಆಮೇಲಿನ ಸುಳಿವಿಗೆ ಏನು ಮಾಡುವುದೆಂದು ಮಗಳಿಗೇ ಇನ್ನೂ ಗೊತ್ತಿರಲಿಲ್ಲ. ನಾನಂತೂ ರೊಟ್ಟಿ ಬಡಿಯುತ್ತ ನನ್ನ ಮಾತನ್ನು ಕಲಿತಿದ್ದೆ. ರೊಟ್ಟಿಗೆ ಚೆನ್ನಾಗಿಯೇ ಗದರುತ್ತಿದ್ದೆ. ಆದರೆ ಚಿತ್ರ ತೆಗೆಯುವಾಗ ದೀಪ ಹಚ್ಚುವ ಹೊತ್ತು, ಅದೂ ಶುಕ್ರವಾರ. ಕೂದಲು ಕೆದರಿದ, ಬೋಳು ಹಣೆಯ ಹೆಣ್ಣುಮಗಳೊಬ್ಬಳು ನಮ್ಮ ಹೊಸ್ತಿಲು ದಾಟಿ ಹೊರಟಿದ್ದಾಳೆ. ಮೊಬೈಲು ಹಿಡಿದು ನಿಂತ ಮಗಳು ನನಗೆ ಮರೆತೇಹೋದಳು. ಕೈ ತಾನಾಗಿ ಗೂಡಿನಲ್ಲಿದ್ದ ಕುಂಕುಮದ ಬಟ್ಟಲಿಗೆ ಹೋಯಿತು. ದೆವ್ವದ ಹಣೆಗೆ ಹಚ್ಚಿ, ನಕ್ಕು, ‘ಹೋಗಿ ಬಾರವ್ವಾ’ ಎಂದೆ. ದೆವ್ವವೂ ಒಳ್ಳೆಯ ಮನೆತನದ್ದು. ತಲೆಬಾಗಿಸಿ ‘ಬರ್ತೀನ್ರಿ’ ಎಂದಿತು.

ಮತ್ತೊಮ್ಮೆ ತೆಗೆಯೋಣವೆಂದರೆ ಭಾಗ್ಯಾಳ ಬಸ್ಸಿನ ಹೊತ್ತಾಗಿತ್ತು, ಬೆಳಗಾದರೆ ಚಿತ್ರ ಒಪ್ಪಿಸಬೇಕಿತ್ತು. ಸಹನಾ ಕಟ್ಟೆಯ ಮೇಲೆ ಕೂತು ಕಣ್ಣು ಒರೆಸಿಕೊಂಡಳು.

‘ಮಮ್ಮಿ, ಅಕಿ ದೆವ್ವ ಅದಾಳ. ದೆವ್ವಕ್ಕ ಯಾರರ ಕುಂಕುಮಾ ಹಚ್ತಾರೇನು?’

‘ಇವತ್ತ ಶುಕ್ರಾರ ಐತೆಲ್ಲವಾ. ಬೋಳ ಹಣೀಲೆ ಹೆಂಗ ಕಳಸೂದು?’

‘ಹಂಗಾರ ಉಡೀನೂ ತುಂಬಿ ಕಳಸಬೇಕಿತ್ತು.’

ಜಂಪರ್ ಪೀಸು, ಕೊಬ್ಬರಿ ಎರಡೂ ಒಳಗಿದ್ದವು. ನೆನಪಾಗಿದ್ದರೆ ಅದನ್ನೂ ಮಾಡಿಬಿಡುತ್ತಿದ್ದೆ. ಮಗಳು ಇದ್ದದ್ದನ್ನೇ ಜೋಡಿಸಿ ಕೊಟ್ಟಳು, ನನ್ನೊಡನೆ ಮಾತು ಬಿಟ್ಟಳು.

ಚಿತ್ರ ತೋರಿಸುವ ದಿನ ಪಾಲಕರನ್ನೂ ಕರೆದಿದ್ದರು. ನಾನು ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತೆ. ಬಾಗಿಲು ತಾನಾಗಿ ತೆರೆದಾಗ ರಾಣೇಬೆನ್ನೂರಿನ ಹುಡುಗರು ನಕ್ಕರು. ಧೋತರದ ಅಂಚು ಕಂಡು ಮತ್ತಷ್ಟು ನಕ್ಕರು. ಮುಂದಿನ ಸಾಲಿನಲ್ಲಿ ಸಹನಾಳ ತಲೆ ತಗ್ಗುತ್ತ ತಗ್ಗುತ್ತ ಕಾಣದಾಯಿತು. ಆಮೇಲೆ ಪರದೆಯ ಮೇಲೆ ನಾನು ಬಂದೆ. ಅರೆಗತ್ತಲಲ್ಲಿ, ರಕ್ತ ಸುರಿಯುವ ಮುಖಕ್ಕೆ ಮೆಲ್ಲಗೆ ಕುಂಕುಮ ಹಚ್ಚಿ, ನಕ್ಕು, ‘ಹೋಗಿ ಬಾರವ್ವಾ’ ಎಂದೆ. ‘ಬರ್ತೀನ್ರಿ’ ಎಂದಿತು ದೆವ್ವ. ಮರುಕ್ಷಣ ಅದೇ ಹುಡುಗರ ಸಾಲಿನಿಂದ ‘ಯವ್ವಾ’ ಎಂದು ಒಬ್ಬ ಚೀರಿದ. ‘ಲೇ, ದೆವ್ವಾ ಸಾಕಿದಾಕಿ ಅವರವ್ವನ ಅದಾಳಲೇ’ ಎಂದ ಇನ್ನೊಬ್ಬ. ಅವರ ಸರ್ ಎದ್ದು ನಿಂತು, ‘ಎಲ್ಲಾರೂ ಕಡೀಕ ಹಾಸಿಗಿ ಕೆಳಗಿಂದ ಕೈ ತೋರಿಸ್ತಾರ. ಇದು ಬ್ಯಾರೇನ ಆತು. ಆ ತಾಯಿ ನಗೋದು ನೋಡಿದ್ರ ಮೈ ಝುಂ ಅಂತೈತಿ’ ಎಂದರು. ಅದು ನಾನು ಬೀಗರನ್ನು ಕಳಿಸುವಾಗ ನಗುವ ನಗು. ಸಹನಾ ತಿರುಗಿ ನನ್ನನ್ನು ಹುಡುಕಿದಳು. ಮನೆಗೆ ಬರುವ ದಾರಿಯುದ್ದಕ್ಕೂ ಮಾತಾಡಿದಳು.

ಭಾಗ್ಯಾ ಕೊಟ್ಟ ಮಾತಿಗೆ ತಪ್ಪದೆ ಬಂದು ರೊಟ್ಟಿ ತಿಂದು ಹೋಗುತ್ತಾಳೆ. ಉಳಿದವರ ಮಾತೇ ಬೇರೆ. ಮೊನ್ನೆ ಅದೇ ತರಗತಿಯ ಹುಡುಗಿಯೊಬ್ಬಳು ಪುಸ್ತಕ ಒಯ್ಯಲು ಬಂದಿದ್ದಳು. ಅವಲಕ್ಕಿ ಕೊಟ್ಟೆ, ಚಹಾ ಕೊಟ್ಟೆ. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಕುಂಕುಮದ ಬಟ್ಟಲು ಹಿಡಿದು, ನನಗೆ ಬರುವ ಅದೇ ನಗು ನಗುತ್ತ ಬಾಗಿಲಿಗೆ ಬಂದೆ. ಹುಡುಗಿ ಆಗಲೇ ಮೆಟ್ಟಿಲಿಳಿದಿದ್ದಳು, ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ.

‘ಹೋಗ್ತೀನ್ರಿ ಕಾಕು’ ಎಂದಳು. ಬರುವ ಮಾತೇ ಆಡಲಿಲ್ಲ.