ಭಾವ ಸ್ಲೇಟು ಹಿಡಿದು ಮುಳುಗಿದ್ದು

ನೀರಿನಡಿ ಮುಳುಗುವುದನ್ನು ಕಲಿಸುವ ಕ್ಲಬ್ಬು ಸೇರಿದ್ದನ್ನು ಹೆಂಡತಿಗೆ ಹೇಳಬಾರದಿತ್ತು. ಗುಮಾಸ್ತ ಹೇಳಿದ. ಅವಳು ಅಕ್ಕನಿಗೆ ಹೇಳಿದಳು, ಅಕ್ಕ ತನ್ನ ಗಂಡನಿಗೆ. ಹೀಗಾಗಿ ಭಾನುವಾರ ಬೆಳಿಗ್ಗೆ ಕೆರೆಯ ದಡದಲ್ಲಿ ರಬ್ಬರ್ ಅಂಗಿ ತೊಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಭಾವನೂ ನಿಂತಿದ್ದರು. ಬೇರೆ ತಂಡದಲ್ಲಿ ಕಲಿತವರು, ಕೊನೆಯ ಪರೀಕ್ಷೆಯ ಮುಳುಗಿಗೆ ‘ನಾವು ಸಂಬಂಧಿಕರು’ ಎಂದು ಹೇಳಿ ಜೋಡಿ ಹಾಕಿಸಿಕೊಂಡಿದ್ದರು.

ಗುಮಾಸ್ತ ಹತ್ತೊಂಬತ್ತು ವರ್ಷದಿಂದ ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯಲ್ಲಿ ಕೂತವನು. ನಲ್ಲಿಯಲ್ಲಿ ನೀರು ಬಾರದವರೆಲ್ಲ, ಅದನ್ನು ಇವನೇ ಕುಡಿದು ಮುಗಿಸಿದ ಹಾಗೆ ಬೈದು ಹೋಗುತ್ತಿದ್ದರು. ಮನೆಗೆ ಬಂದರೆ ಮಹಡಿ ಮೇಲಿನ ಭಾವ, ನಿವೃತ್ತ ಮೇಷ್ಟ್ರು, ಇಳಿದು ಬಂದು ಇವನ ಊಟ ಮುಗಿಯುವ ತನಕ ಬುದ್ಧಿ ಹೇಳುತ್ತಿದ್ದರು. ನೀರಿನಡಿ ಯಾರೂ ಮಾತಾಡಲಾರರು ಎಂದು ಓದಿದ ದಿನ ಗುಮಾಸ್ತನಿಗೆ ಅಳುವೇ ಬಂದಿತ್ತು. ಇವತ್ತು ಪಾಸಾದರೆ ಕ್ಲಬ್ಬಿನ ಕಾರ್ಡು. ಕಾರ್ಡಿದ್ದರೆ ಪ್ರತಿ ಭಾನುವಾರ ಅರ್ಧ ಗಂಟೆ ಮೌನ. ಬದುಕಿನಿಂದ ಅವನು ಕೇಳಿದ್ದು ಅಷ್ಟೇ.

"ಜೋಡಿಯಾಗಿ ಇಳೀಬೇಕು, ಜೋಡಿಯಾಗೇ ಬರಬೇಕು," ಎಂದರು ಕೋಚು. "ಒಬ್ರು ಕಾಣ್ಲಿಲ್ಲ ಅಂದ್ರೆ ಒಂದೇ ನಿಮಿಷ ಹುಡುಕಿ, ಮೇಲೆ ಬಂದ್ಬಿಡಿ. ತಪ್ಪಿದ್ರೆ ಕಾರ್ಡು ಇಲ್ಲ."

"ಭಾವ, ಕೆಳಗೆ ಮಾತಾಡೋಕಾಗಲ್ಲ," ಎಂದ ಗುಮಾಸ್ತ. ಸಂತೋಷ ಮುಚ್ಚಿಡಲು ಆಗಲಿಲ್ಲ.

"ಗೊತ್ತು ಕಣಯ್ಯ. ಅದಕ್ಕೇ ಇದನ್ನ ತಂದಿದ್ದೀನಿ." ಭಾವ ಸೊಂಟದಿಂದ ಬಿಳಿ ಪ್ಲಾಸ್ಟಿಕ್ ಸ್ಲೇಟು ತೆಗೆದರು. ನೀರಿನಲ್ಲಿ ಬರೆಯುವಂಥದ್ದು, ದಾರಕ್ಕೆ ಪೆನ್ಸಿಲ್ಲೂ ಕಟ್ಟಿತ್ತು. "ಎರಡೂ ಕಡೆ ಬರೀಬಹುದು."

ಒಂದಾಳುದ್ದ ಇಳಿಯುವ ಮೊದಲೇ ಸ್ಲೇಟು ಮುಖದ ಮುಂದೆ ಬಂತು: ‘ಬೆನ್ನು ನೇರವಾಗಿರಲಿ.’ ಇನ್ನಷ್ಟು ಇಳಿದಾಗ: ‘ಕಾಲು ಹಾಗಲ್ಲ.’ ಪುಟ್ಟ ಮೀನುಗಳ ಹಿಂಡೊಂದು ಮೂಗಿನ ಹತ್ತಿರ ಹಾದುಹೋಯಿತು. ಗುಮಾಸ್ತ ನೋಡಿದ್ದು: ‘ನಿನ್ನ ಬಚ್ಚಲಿನ ನಲ್ಲಿ ಸೋರುತ್ತಿದೆ.’ ಆಮೇಲೆ ಭಾವ ಅಳಿಸಿ, ದೊಡ್ಡಕ್ಷರದಲ್ಲಿ ಬರೆದರು: ‘ನಿನ್ನೆ ನಿನ್ನ ಹೆಂಡತಿ ಸಪ್ಪಗಿದ್ದಳು. ಏಕೆ? ಉತ್ತರ ಬರೆ.’ ಬರೆದು ಪೆನ್ಸಿಲ್ಲನ್ನು ಇವನ ಕೈಗೇ ಕೊಟ್ಟರು.

ಗುಮಾಸ್ತ ಅದನ್ನು ದಾರದಿಂದ ಕಿತ್ತು ತಳದ ಕೆಸರಿಗೆ ಎಸೆದ.

ಭಾವ ಬಿಟ್ಟಾರೆಯೇ? ತಲೆ ಕೆಳಗು ಮಾಡಿ, ಕೋಳಿ ತಿಪ್ಪೆ ಕೆದಕಿದ ಹಾಗೆ ತಳವನ್ನೆಲ್ಲ ಕೆದಕಿದರು. ಕೆಸರು ಎದ್ದಿತು. ಭಾವನೂ ಕಾಣಲಿಲ್ಲ, ಸ್ಲೇಟೂ ಕಾಣಲಿಲ್ಲ.

ಒಂದು ನಿಮಿಷ ಕಳೆಯಿತು. ಮೇಲೆ ಹೋಗಬೇಕೆಂದು ಗೊತ್ತಿತ್ತು. ಆದರೆ ಅಲ್ಲಿ ಯಾರೂ ಇರಲಿಲ್ಲ, ಒಂದು ಅಕ್ಷರವೂ ಇರಲಿಲ್ಲ. ತನ್ನ ಉಸಿರಿನ ಸದ್ದು ಅವನಿಗೆ ಮೊದಲ ಸಲ ಕೇಳಿಸಿತು. ಇನ್ನೊಂದೇ ನಿಮಿಷ ಅಂದುಕೊಂಡ. ಭಾವ ಇದ್ದಾರೋ ಹೋದರೋ ಎಂಬ ಯೋಚನೆ ಬಂತು, ಬಂದ ಹಾಗೇ ಹೋಯಿತು. ಅದಕ್ಕೆ ನಾಚಿಕೆಯೂ ಆಗಲಿಲ್ಲ. ಗಾಳಿಯ ಅಳತೆಯ ಮುಳ್ಳು ಕೆಂಪು ಗೆರೆ ಮುಟ್ಟುವ ತನಕ, ಆಗಾಗ ಅದನ್ನು ನೋಡುವುದು ಬಿಟ್ಟರೆ, ಕಣ್ಣು ಮುಚ್ಚಿ ಕೂತಿದ್ದ.

ಮೇಲೆ ಬಂದರೆ ದಡದ ತುಂಬ ಜನ. ನೋಡಲು ಬಂದಿದ್ದ ಹೆಂಡತಿ ಅಳುತ್ತಿದ್ದಳು. ಭಾವ ಕಂಬಳಿ ಹೊದ್ದು ನಡುಗುತ್ತಿದ್ದರು.

"ತಪ್ಪಾಯ್ತು," ಎಂದ ಗುಮಾಸ್ತ.

"ತಪ್ಪಾ?" ಭಾವ ಅವನನ್ನು ಬಾಚಿ ತಬ್ಬಿಕೊಂಡರು. "ನಾನು ಒಂದೇ ನಿಮಿಷಕ್ಕೆ ಮೇಲೆ ಬಂದ್ಬಿಟ್ಟೆ. ನೀನು ಗಾಳಿ ಮುಗಿಯೋ ತನಕ ನನ್ನ ಹುಡುಕಿದ್ಯಲ್ಲೋ. ಒಡಹುಟ್ಟಿದವನೂ ಹೀಗೆ ಮಾಡಲ್ಲ."

ಹೆಂಡತಿ ಮದುವೆಯಾದ ಮೇಲೆ ಮೊದಲ ಬಾರಿಗೆ ಗಂಡನನ್ನು ಹೆಮ್ಮೆಯಿಂದ ನೋಡಿದಳು. ನಿಜ ಹೇಳಿದರೆ ಕಾರ್ಡು ಹೋಗುತ್ತಿತ್ತು, ಹೇಳದಿದ್ದರೆ ಭಾವ ಅಂಟುತ್ತಿದ್ದರು. ಗುಮಾಸ್ತ ಬಗ್ಗಿ ಸಿಲಿಂಡರಿನ ಪಟ್ಟಿ ಬಿಚ್ಚತೊಡಗಿದ.

"ನಿಯಮದ ಪ್ರಕಾರ ಫೇಲು," ಎಂದರು ಕೋಚು ಕಣ್ಣೊರೆಸಿಕೊಳ್ಳುತ್ತ. "ಆದ್ರೆ ಇಂಥ ಜೋಡೀನ ಹೇಗ್ರೀ ಫೇಲ್ ಮಾಡೋದು? ಇಬ್ರಿಗೂ ಸೇರಿಸಿ ಒಂದೇ ಕಾರ್ಡು ಕೊಡ್ತೀನಿ. ಒಬ್ಬರನ್ನ ಬಿಟ್ಟು ಒಬ್ಬರು ಇಳಿಯೋ ಹಾಗಿಲ್ಲ."

ಕ್ಲಬ್ಬಿನ ಕಾರ್ಯದರ್ಶಿ ಅಷ್ಟಕ್ಕೇ ಬಿಡಲಿಲ್ಲ. ಮುಖ ಪೂರ್ತಿ ಮುಚ್ಚುವ ಹೊಸ ಮಾಸ್ಕುಗಳ ಜೊತೆಯೊಂದನ್ನು ತಂದು ಬಹುಮಾನವೆಂದು ಇಬ್ಬರ ಕೈಗಿಟ್ಟರು. "ಒಳಗೇ ಮೈಕು, ಸ್ಪೀಕರು. ನೀರಿನಡಿ ಮನೇಲಿದ್ದ ಹಾಗೆ ಮಾತಾಡಬಹುದು."

ಭಾವ ಆಗಲೇ ಮಾಸ್ಕು ಹಾಕಿಕೊಂಡು ಏನೋ ಹೇಳುತ್ತಿದ್ದರು.

ಗುಮಾಸ್ತ ತನ್ನದನ್ನು ತಿರುವಿ ಮುರುವಿ ನೋಡಿದ. "ಸಾರ್, ಇದನ್ನ ಆಫ್ ಮಾಡೋದು ಎಲ್ಲಿ?"

"ಆ ಭಯವೇ ಬೇಡ," ಎಂದರು ಕಾರ್ಯದರ್ಶಿ. "ಆಫ್ ಆಗೋದೇ ಇಲ್ಲ."