ಹನ್ನೆರಡು ಅಡಿ ಆಳ, ಮೊಣಕಾಲುದ್ದ ನೀರು

ಹೆಂಡತಿ: ಈ ಬೋರ್ಡೂ ನಿಮ್ಮ ಕೈಚಳಕಾನೇ ತಾನೆ?

ಪೇಂಟರ್: ಅಕ್ಷರ ಮಾತ್ರ ನಂದು ಕಣೇ. ಮಾತು ಆಫೀಸಿನವರದ್ದು.

ಹೆಂಡತಿ: ಬೆಳಿಗ್ಗೆ ಹೊಳೆ ತಿರುವಲ್ಲೂ ಇದನ್ನೇ ಅಂದ್ರಿ. ಮರಳುದಂಡೆ ಹತ್ರಾನೂ ಇದನ್ನೇ ಅಂದ್ರಿ. ಮಗು ಕಾಲು ನೆನೆಸೋಕೆ ಮನೇಲಿ ಒಂದು ಬಕೆಟ್ಟಾದ್ರೂ ಬಿಟ್ಟಿದ್ದೀರೋ, ಅದಕ್ಕೂ ಬೋರ್ಡ್ ಹೊಡೆದಿದ್ದೀರೋ?

ಕೆರೆಯ ದಡದಲ್ಲಿ, ಕಂಬದ ಮೇಲೆ, ಕೆಂಪು ಅಕ್ಷರದ ಬೋರ್ಡು ಎದೆಯುಬ್ಬಿಸಿ ನಿಂತಿತ್ತು: ‘ಅಪಾಯ! ಹನ್ನೆರಡು ಅಡಿ ಆಳ. ಈಜಬಾರದು.’ ಅದನ್ನು ಬರೆದ ಮಹಾನುಭಾವ ಅದರ ನೆರಳಲ್ಲೇ ತಲೆ ತಗ್ಗಿಸಿ ನಿಂತಿದ್ದ. ಬೇಸಿಗೆಗೆ ಮುಂಚೆ, ಊರಿನ ಕೆರೆ-ಹೊಳೆ ನೋಡಿಕೊಳ್ಳುವ ಆಫೀಸಿನವರು ಇಂಥ ನಲವತ್ತು ಬೋರ್ಡು ಬರೆಸಿದ್ದರು. ಅವನು ನಲವತ್ತನ್ನೂ ಮನಸ್ಸಿಟ್ಟು ಬರೆದಿದ್ದ. ಇನ್ನೂ ಅಕ್ಷರ ಕಲಿಯದ ಅವನ ಐದು ವರ್ಷದ ಮಗಳು ಬೆಳಿಗ್ಗೆಯಿಂದ ಗಾಳಿ ತುಂಬಿದ ಹಳದಿ ಟ್ಯೂಬನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ತಿಂಡಿಗೂ ತೆಗೆದಿರಲಿಲ್ಲ. ಇವತ್ತು ನೀರಿಗಿಳಿಸಿಯೇ ತೀರುತ್ತೇನೆ ಎಂದು ಅಪ್ಪ ಮೂರು ಸಲ ಮಾತು ಕೊಟ್ಟಿದ್ದ. ದಡದುದ್ದಕ್ಕೂ ಇಪ್ಪತ್ತು ಸಂಸಾರಗಳು ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಬೋರ್ಡನ್ನೂ ನೀರನ್ನೂ ಸರದಿಯಂತೆ ನೋಡುತ್ತ ಬೆವರು ಒರೆಸಿಕೊಳ್ಳುತ್ತಿದ್ದವು.

ಹೆಂಡತಿ: ಹನ್ನೆರಡು ಅಡಿ ಅಂತ ಅಳೆದೋರು ಯಾರು?

ಪೇಂಟರ್: ಯಾರೂ ಅಳೀಲಿಲ್ಲ. ಎಷ್ಟು ಬರೀಲಿ ಸಾರ್ ಅಂತ ಕೇಳ್ದೆ. ನೋಡೋಕೆ ಚೆನ್ನಾಗಿರೋ ಹಾಗೆ ಏನಾದ್ರೂ ಬರಿ ಅಂದ್ರು. ‘ಹನ್ನೆರಡು’ ಆ ಜಾಗಕ್ಕೆ ಅಚ್ಚುಕಟ್ಟಾಗಿ ಕೂತ್ಕೊಳ್ತು.

ಹೆಂಡತಿ: ‘ಒಂದು’ ಅಂತ ಬರೆದಿದ್ರೆ?

ಪೇಂಟರ್: ಎರಡೂ ಕಡೆ ಖಾಲಿ ಖಾಲಿ. ಬೋರ್ಡ್ ಬೋಳಾಗಿ ಕಾಣೋದು.

ಹೆಂಡತಿ: ಬೋರ್ಡ್ ತುಂಬಲಿ ಅಂತ ಕೆರೇನೇ ಅಗೆದುಬಿಟ್ರಿ!

ಕೆರೆಯ ನಟ್ಟನಡುವೆ ಒಂದು ನಾಯಿ ನಿಂತಿತ್ತು. ಈಜುತ್ತಿರಲಿಲ್ಲ, ನಿಂತಿತ್ತು. ಅದರ ಬೆನ್ನಿರಲಿ, ಹೊಟ್ಟೆಯೂ ಒದ್ದೆಯಾಗಿರಲಿಲ್ಲ. ಅದನ್ನು ನೋಡಿ ಧೈರ್ಯ ತಂದುಕೊಂಡ ಪೇಂಟರ್ ಮಗಳ ಕೈಹಿಡಿದು ಒಂದು ಹೆಜ್ಜೆ ಮುಂದಿಟ್ಟಿದ್ದೇ ತಡ, ಸೀಟಿ ಊದಿದ ಸದ್ದಾಯಿತು. ಕೊಡೆಯ ಕೆಳಗಿನ ಕುರ್ಚಿಯಿಂದ ಕೆರೆಯ ಕಾವಲುಗಾರ ಎದ್ದು ಬಂದ.

ಕಾವಲುಗಾರ: ಓದೋಕೆ ಬರಲ್ವಾ ಯಜಮಾನ್ರೇ?

ಪೇಂಟರ್: ಓದೋದೇನು ಬಂತು, ಅದನ್ನ ಬರೆದೋನೇ ನಾನು!

ಕಾವಲುಗಾರ: ಹಾಗಾದ್ರೆ ನಿಮಗೆ ಎಲ್ಲರಿಗಿಂತ ಮೊದ್ಲೇ ಗೊತ್ತಿತ್ತು. ಗೊತ್ತಿದ್ದೂ ಇಳಿಯೋದು ಇನ್ನೂ ದೊಡ್ಡ ತಪ್ಪು.

ಪೇಂಟರ್: ಅಲ್ಲಪ್ಪಾ, ಆ ನಾಯಿ ನೋಡು. ಆರಾಮಾಗಿ ನಿಂತಿದೆ.

ಕಾವಲುಗಾರ: ಅದಕ್ಕೆ ಓದೋಕೆ ಬರಲ್ಲ.

ಹೆಂಡತಿ: ಹನ್ನೆರಡು ಅಡಿ ನೀರಲ್ಲಿ ಹೊಟ್ಟೆ ನೆನೀದೆ ನಿಲ್ಲೋಕೆ ಅದೇನು ಒಂಟೆನಾ?

ಕಾವಲುಗಾರ: ಉದ್ದ ಕಾಲಿನ ನಾಯಿ ಇರಬಹುದಮ್ಮಾ. ನೀರೊಳಗಿರೋದು ನಮಗೆ ಹೇಗೆ ಕಾಣುತ್ತೆ?

ಪೇಂಟರ್‌ಗೆ ರೇಗಿಹೋಯಿತು. ಸ್ಕೂಟರಿನಿಂದ ಗೆರೆ ಎಳೆಯುವ ಅಳತೆಕೋಲು ತಂದವನೇ, ಸೀಟಿ ಕಿರುಚುತ್ತಿದ್ದರೂ ಲೆಕ್ಕಿಸದೆ ಈ ದಡದಿಂದ ಆ ದಡಕ್ಕೆ ಕೋಲೂರುತ್ತ ನಡೆದುಹೋಗಿ, ಅಡ್ಡಡ್ಡವಾಗಿಯೂ ಒಂದು ಸುತ್ತು ಹಾಕಿ ಬಂದ.

ಪೇಂಟರ್: ಎಲ್ಲಾ ಕಡೆ ಒಂದೂಕಾಲು ಅಡಿ! ಸಾಲದಾ?

ಕಾವಲುಗಾರ: ಕೋಲು ಆಫೀಸಿಂದಾ?

ಪೇಂಟರ್: ನಂದೇ.

ಕಾವಲುಗಾರ: ಬೋರ್ಡ್ ಆಫೀಸಿಂದು.

ಹೆಂಡತಿ: ಮುಖದ ಮೇಲಿರೋ ಆ ಎರಡು ಕಣ್ಣು ಯಾರದಪ್ಪಾ?

ಕಾವಲುಗಾರ: ಡ್ಯೂಟಿಲಿರೋವಾಗ ಅವೂ ಆಫೀಸಿಂದೇ ಅಮ್ಮಾ. ಬೋರ್ಡ್ ಹೇಳಿದ್ದನ್ನ ಹೇಳೋಕೆ ನನ್ನ ಇಟ್ಟಿದ್ದಾರೆ. ಅದು ಇಳೀರಿ ಅಂದ್ರೆ ನಾನೂ ಇಳೀರಿ ಅಂತೀನಿ.

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಸ್ಕೂಟರಿನಲ್ಲಿದ್ದ ಬಣ್ಣದ ಡಬ್ಬಿ ನೋಡಿದ. ಬೋರ್ಡಿನ ಬೋಳು ಬೆನ್ನನ್ನು ಮುಂದಕ್ಕೆ ತಿರುಗಿಸಿ ಅವನು ಬರೆಯತೊಡಗಿದಾಗ, ಕಾವಲುಗಾರ ತಡೆಯಲಿಲ್ಲ; ಹತ್ತಿ ನಿಲ್ಲಲು ತನ್ನ ಕುರ್ಚಿಯನ್ನೇ ತಂದುಕೊಟ್ಟ. ಬೋರ್ಡು ಬರೆಯಬಾರದು ಎಂದು ಯಾವ ಬೋರ್ಡಿನಲ್ಲೂ ಇರಲಿಲ್ಲವಲ್ಲ.

‘ಕುಟುಂಬಸಮೇತ ಈಜಲು ಯೋಗ್ಯ ಸ್ಥಳ.’

ಕೊನೆಯ ಚುಕ್ಕೆ ಬೀಳುವಷ್ಟರಲ್ಲಿ ಇಪ್ಪತ್ತು ಸಂಸಾರಗಳೂ ನೀರಿಗೆ ಬಿದ್ದವು. ಒಬ್ಬ ಅಜ್ಜಿ ಮನೆಯಿಂದ ತಂದಿದ್ದ ಮಡಚುಕುರ್ಚಿ ಸಮೇತ ಇಳಿದರು. ‘ಇಳೀರಿ, ಇಳೀರಿ’ ಎಂದು ಸೀಟಿ ಊದುತ್ತ ಕಾವಲುಗಾರನೂ ಪ್ಯಾಂಟು ಮಡಚಿಕೊಂಡು ಇಳಿದ. ಹಳದಿ ಟ್ಯೂಬಿರಲಿ, ಮಗುವಿನ ಹೆಬ್ಬೆರಳಿಡಲೂ ಜಾಗ ಉಳಿಯಲಿಲ್ಲ. ಅವಳು ಟ್ಯೂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಪ್ಪನ ಮುಖ ನೋಡಿದಳು.

ಹೆಂಡತಿ: ಊರಿಗೆಲ್ಲ ಸ್ನಾನ ಮಾಡಿಸಿದ್ರಿ. ಹೆತ್ತ ಮಗಳು ದಡದಲ್ಲಿ.

ಪೇಂಟರ್: ಕುಂಚ ಕೊಡು ಇಲ್ಲಿ.

ಅವನು ಮತ್ತೆ ಕುರ್ಚಿ ಹತ್ತಿ, ಯೋಗ್ಯ ಸ್ಥಳದ ಕೆಳಗೆ ಇನ್ನೊಂದು ಸಾಲು ಸೇರಿಸಿದ: ‘ಮೊಸಳೆಗಳಿವೆ.’

ಮೊದಲು ಓದಿದವನು ಕಿರುಚಿದ. ಉಳಿದವರು ಓದಲೂ ಕಾಯಲಿಲ್ಲ. ಮೊಣಕಾಲುದ್ದ ನೀರಲ್ಲಿ ಮೊಸಳೆ ಎಲ್ಲಿ ಅಡಗೀತು ಎಂದು ಒಬ್ಬರೂ ಕೇಳಲಿಲ್ಲ. ಅಜ್ಜಿಯಂತೂ ಎಲ್ಲರಿಗಿಂತ ಮುಂದೆ ಓಡಿದರು. ಕಾವಲುಗಾರ ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ಓಡಿದ್ದರಿಂದ ಅದು ರಸ್ತೆಯ ತಿರುವಿನವರೆಗೂ ಕೇಳಿಸುತ್ತಿತ್ತು. ಕೆರೆಯಲ್ಲಿ ನಾಯಿ ಮಾತ್ರ ಉಳಿಯಿತು.

ಹೆಂಡತಿ: ಹೂಂ, ಇನ್ನೇನು? ಮಗಳನ್ನ ಕರ್ಕೊಂಡು ಇಳೀರಿ.

ಪೇಂಟರ್ ಪ್ಯಾಂಟು ಮಡಚಿ, ಒಂದು ಕಾಲೆತ್ತಿದ. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು.

ಹೆಂಡತಿ: ಏನಾಯ್ತು?

ಪೇಂಟರ್: ಏನಿಲ್ಲ... ಬೋರ್ಡ್ ನೋಡ್ದೆ.

ಹೆಂಡತಿ: ಈಗ ತಾನೆ ಕೆರೆಯೆಲ್ಲಾ ಕೋಲೂರಿ ಬಂದ್ರಲ್ರೀ!

ಪೇಂಟರ್: ಆಗ ಬರೆದಿರಲಿಲ್ಲ ಕಣೇ. ಆ ಅಕ್ಷರ ನೋಡು, ಎಷ್ಟು ದುಂಡಗೆ, ಗಟ್ಟಿಯಾಗಿ ಬಂದಿದೆ. ಸುಮ್ನೆ ಬರೆದ ಹಾಗೆ ಕಾಣ್ತಾ ಇದೆಯಾ ನಿಂಗೆ?

ಹೆಂಡತಿ ಬೈಯಲೆಂದು ಬಾಯಿ ತೆರೆದು, ಬೋರ್ಡಿನತ್ತ ಒಮ್ಮೆ ನೋಡಿ, ತಾನೂ ಅರ್ಧ ಹೆಜ್ಜೆ ಹಿಂದೆ ಸರಿದಳು.

ಅಷ್ಟರಲ್ಲಿ ಧುಡುಂ ಎಂದು ನೀರು ಚಿಮ್ಮಿತು. ಹಳದಿ ಟ್ಯೂಬು ತೇಲುತ್ತ, ಕೇಕೆ ಹಾಕುತ್ತ, ನೇರವಾಗಿ ನಾಯಿಯ ಕಡೆಗೆ ಹೊರಟಿತ್ತು. ನಾಯಿ ಬಾಲ ಆಡಿಸಿತು. ಅಪ್ಪ ಅಮ್ಮ ದಡದಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತರು.

ಹೆಂಡತಿ: ರೀ, ಇವಳಿಗೆ ನಾಳೆಯಿಂದ ಅಕ್ಷರ ಕಲಿಸ್ತೀನಿ ಅಂದಿದ್ರಲ್ಲ?

ಪೇಂಟರ್: ಸುಮ್ನಿರೇ. ಬೇಸಿಗೆ ಮುಗೀಲಿ.