ದೊರೆಸಾನಿಯ ಕೋಟು, ಚೋರನೂರಿನ ಕಂಬಳಿ

ನಾಲ್ಕನೇ ಏಟಿಗೆ ರೇನ್‌ಕೋಟಿನ ತೋಳು ಒಗೆಯುವ ಕಲ್ಲಿಗೇ ಅಂಟಿಕೊಂಡಿತು. ಸೀತಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎಳೆದಳು. ತೋಳು ದೋಸೆಯ ಹಾಗೆ ಎದ್ದು ಬಂತು. ರಬ್ಬರೆಲ್ಲ ಕಲ್ಲಿನ ಮೇಲೇ ಉಳಿಯಿತು.

ತಪ್ಪು ಅವಳದೇ. ಸಂಡೂರಿನ ಗಣಿಯಿಂದ ವಿಲಾಯತಿಗೆ ಹೊರಟ ದೊರೆಯೊಬ್ಬನಿಂದ ಗಂಡ ವೆಂಕೋಬರಾಯರು ಪಕ್ಕಗಾಡಿ ಜೋಡಿಸಿದ ಮೋಟಾರ್ ಸೈಕಲ್ ಕೊಂಡಾಗ ದೊರೆಸಾನಿಯ ರೇನ್‌ಕೋಟೂ ಜೊತೆಗೆ ಬಂದಿತ್ತು. ಯಾರೋ ತೊಟ್ಟಿದ್ದು ನೀರಿಗೆ ಬೀಳದೆ ಒಳಗೆ ಬರಕೂಡದು ಎಂದರು ಅತ್ತೆ. ಬರೀ ನೀರಾದರೆ ಕೋಟು ಬದುಕುತ್ತಿತ್ತೇನೋ. ಎಲ್ಲದರಲ್ಲೂ ಒಂದು ಕೈ ಹೆಚ್ಚೇ ಮಾಡುವ ಸೀತಾಬಾಯಿ ಅದನ್ನು ಹಂಡೆಯಲ್ಲಿ ಬಟ್ಟೆ ಒಗೆಯುವ ಚೌಳುಮಣ್ಣು ಹಾಕಿ ಕುದಿಸಿದ್ದಳು.

ಇವತ್ತು ಸಂಜೆ ಕಂಪ್ಲಿಯಲ್ಲಿ ತಂಗಿ ನೀರಜಾಳ ಮಗುವಿಗೆ ನಾಮಕರಣ. ತಂಗಿಯ ಮುಖ ನೋಡಿ ನಾಲ್ಕು ವರ್ಷವಾಗಿತ್ತು. ಅತ್ತೆಯ ಮಡಿ ಅಡಿಗೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿಯುವಂತಿರಲಿಲ್ಲ. ಪಕ್ಕಗಾಡಿಯಲ್ಲಾದರೆ ಹೋಗಿ ರಾತ್ರಿಯ ಊಟಕ್ಕೆ ತಿರುಗಿ ಬರಬಹುದು.

“ಮೋಡ ನೋಡಿದೇನು?” ಎಂದಿದ್ದರು ರಾಯರು. “ನನಗ ಆಫೀಸಿನವರು ಕೊಟ್ಟ ಕೋಟು ಅದ. ನೀ ತೊಯ್ದು ಜ್ವರ ಹಚ್ಚಿಕೊಂಡರ ಮನಿ ನೋಡೋರ್ಯಾರು? ಎರಡಕ್ಕ ಹೊರಡತೀನಿ. ಅಷ್ಟರಾಗ ಏನರ ಹೊದ್ದುಕೊಳ್ಳೋದು ನೋಡ್ಕೋ.”

ಪಕ್ಕದ ಮನೆಯ, ಅಕ್ಕಿ ಮಿಲ್ಲಿನ ಜಂಬಮ್ಮ ಗೋಡೆಯ ಮೇಲಿಂದ ಇಣುಕಿದಳು. “ಏನ್ರಿ ಸೀತಾಬಾಯಾರ, ಎಮ್ಮಿ ಚರ್ಮ ಸುಲಿಯಾಕತ್ತೀರೇನು?”

ಸಂಗತಿ ತಿಳಿದವಳೇ ಗೋಣಿಚೀಲ ತಂದು, ಮೂಲೆ ಮಡಚಿ ಸೀತಾಬಾಯಿಯ ತಲೆಗೆ ಏರಿಸಿದಳು. “ನಮ್ಮ ಹಮಾಲರು ಇದರಾಗ ಮಳಿಗಾಲ ಕಳೀತಾರ. ಬೆನ್ನ ಮ್ಯಾಲ ಮಿಲ್ಲಿನ ಹೆಸರೂ ಐತಿ. ಕಂಪ್ಲಿಯವರೂ ಓದಲಿ.” ತೌಡು ಮೂಗಿಗೇರಿ ಸೀತಾಬಾಯಿ ಏಳು ಸಲ ಸೀನಿದಳು. ಆಮೇಲೆ ಮೇಜಿಗೆ ಹಾಸಿದ್ದ ಮೇಣದ ಬಟ್ಟೆ ಸುತ್ತಿಕೊಂಡಳು. ನಿಂತಾಗ ಚೆನ್ನಾಗಿತ್ತು, ಕೂತರೆ ಹಪ್ಪಳ ಮುರಿದಂತೆ ಸದ್ದು ಮಾಡಿತು.

ಕೊನೆಗೆ ಅಟ್ಟದಿಂದ ಚೋರನೂರಿನ ಕರಿಕಂಬಳಿಗಳೆರಡನ್ನು ಇಳಿಸಿದಳು. ಒಂದಕ್ಕೆ ಟೊಪ್ಪಿಗೆ, ಗುಂಡಿ, ಮೊಣಕಾಲು ಮುಚ್ಚುವ ಅಂಚು ಎಲ್ಲ ಹೊಲಿದಳು. ಅವಳನ್ನು ಅದರಲ್ಲಿ ಕೂರಿಸಿ ಜಂಬಮ್ಮ ಒಂದು ಕೊಡ ನೀರು ಸುರಿದಳು.

“ಒಳಗ ಹೆಂಗೈತ್ರಿ?”

“ಕುರಿ ವಾಸನಿ ಅದ. ಖರೇ ಒಂದು ಹನಿ ಇಲ್ಲ.”

ಜಪ ನಿಲ್ಲಿಸಿ ಅತ್ತೆ ಹೊರಗೆ ಬಂದರು. “ಆ ಗಾಡಿ ಸೀಟು ಚರ್ಮದ್ದು. ಯಾರ‍್ಯಾರು ಕುಂತಾರೋ ಏನೋ. ಅದರಾಗ ಕುಂತು ಬಂದು ನನ್ನ ಅಡಿಗಿ ಮುಟ್ಟತೀಯೇನು?”

“ಕಂಬಳಿ ಮಡಿ ಅಲ್ಲೇನ್ರಿ ಅತ್ತಿ? ಕೆಳಗೂ ಕಂಬಳಿ, ಮ್ಯಾಲೂ ಕಂಬಳಿ. ನಡುವ ಕುಂತಾಕಿಗೆ ಮೈಲಿಗಿ ಎಲ್ಲಿಂದ ಬರತದ?”

ಅತ್ತೆ ಕಂಬಳಿಯನ್ನೊಮ್ಮೆ ಮುಟ್ಟಿ ನೋಡಿ ಜಪಕ್ಕೆ ಮರಳಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಮಾತಿನಲ್ಲಿ ಗೆದ್ದ ಸೀತಾಬಾಯಿ, ಕಂಬಳಿಯನ್ನು ಒಲೆಯ ಮುಂದೆ ಹಿಡಿದು ಆರಿಸುತ್ತ ತನ್ನ ಬುದ್ಧಿಗೆ ತಾನೇ ತಲೆದೂಗಿದಳು.

ಎರಡು ಗಂಟೆಗೆ ಹಸಿರು ಸೀರೆಯುಟ್ಟು, ಮಗುವಿಗೆ ಹೊಲಿದ ಕುಂಚಿಗೆಯನ್ನು ಎದೆಗವಚಿಕೊಂಡು ಅಂಗಳಕ್ಕೆ ಬಂದಳು. ಪಕ್ಕಗಾಡಿಯಲ್ಲಿ ಕಂಬಳಿ ಆಗಲೇ ಕೂತಿತ್ತು. ಟೊಪ್ಪಿಗೆಯೊಳಗಿಂದ ಅತ್ತೆಯ ಮೂಗು ಕಾಣುತ್ತಿತ್ತು.

“ಹಿರೇರು ಹೋಗದಿದ್ದರ ಬೀಗರು ಏನಂದಾರು?” ಎಂದಿತು ಮೂಗು. “ಇಷ್ಟು ದಿನ ಮೈಲಿಗಿ ಅಂತ ಸುಮ್ಮನಿದ್ದೆ. ನೀನ ದಾರಿ ತೋರಿಸಿದಿ. ಕುಂಚಿಗಿ ಇಲ್ಲಿ ಕೊಡು. ರಾತ್ರಿಗೆ ಹುಳಿ ಸಾಕು, ಪಲ್ಯ ಬ್ಯಾಡ.”

ರಾಯರು ಹ್ಯಾಂಡಲಿನ ಮೇಲೆ ಇಲ್ಲದ ಧೂಳನ್ನು ಒರೆಸಿದರು. “ಒಂದ ಸೀಟು ನೋಡು. ಮುಂದಿನ ಸಲ ಹೋಗೋಣಂತ.”

ಗಾಡಿ ಗುಡುಗುತ್ತ ಹೋಯಿತು.

“ಭಾಳ ಚಲೋ ಹೊಲಿದ್ರಿ ಬಿಡ್ರಿ,” ಎಂದಳು ಜಂಬಮ್ಮ. “ಅಳತಿ ಅವರದ ತಗೊಂಡಂಗ ಐತಿ.”

ಸೀತಾಬಾಯಿಗೆ ನಗು ಬಂತು. ನಕ್ಕು ಒಳಗೆ ಹೋಗಿ ಹುಳಿಗೆ ಬೇಳೆ ತೊಳೆಯಲು ಕೂತಳು. ಎರಡನೇ ನೀರು ಚೆಲ್ಲುವಾಗ ಕೈ ನಿಂತಿತು. ಮನೆಯಲ್ಲಿ ಬಿಟ್ಟು ಹೋಗಬಾರದವರು ಈಗ ಯಾರೂ ಇರಲಿಲ್ಲ. ಕಂಪ್ಲಿಯ ಬಸ್ಸು ಮೂರೂವರೆಗೆ. ರಾತ್ರಿ ಅಲ್ಲೇ, ನೀರಜಾಳ ಪಕ್ಕದಲ್ಲಿ ಮಲಗಿದರಾಯಿತು.

“ಬೀಗ ಹುಡುಕಾಕತ್ತೀರಲ್ಲ, ಎಲ್ಲಿಗ್ರಿ?” ಜಂಬಮ್ಮ ಗೋಡೆಯಾಚೆಯಿಂದ ಕೇಳಿದಳು.

“ಎಲ್ಲಿಗೂ ಇಲ್ಲ,” ಎಂದಳು ಸೀತಾಬಾಯಿ, ಸಿಕ್ಕ ಬೀಗವನ್ನು ಬಾಗಿಲಿಗೆ ಜಡಿಯುತ್ತ.

ಹೊರಗೆ ಹನಿ ಶುರುವಾಗಿತ್ತು. ಮೇಲೆ ಏನು ಹೊದ್ದುಕೊಳ್ಳಬೇಕೆಂದು ಅವಳು ಯೋಚಿಸಲಿಲ್ಲ.